ಗಾಯಕ ಹೋಗಲಿ, ಹಾಡು ಉಳಿಯಲಿ

(ಕನ್ನಡ ಯುವಕ-ಯುವತಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಗಡಿಯ ಬಗ್ಗೆಯಾಗಲಿ, ನಾಮಫಲಕದ ಬಗ್ಗೆಯಾಗಲಿ ಮಾತಾಡಲು ನಿಂತಿಲ್ಲ. ಒಂದು ಹಾಡಿನ ತಂಡದ ಕಥೆ ಹೇಳುತ್ತೇನೆ. ತಂಡ ಸ್ಕಾಟ್ಲೆಂಡಿನದು, ಹೆಸರು ರನ್‌ರಿಗ್. "ಎಲ್ಲಿಯ ಸ್ಕಾಟ್ಲೆಂಡ್, ಎಲ್ಲಿಯ ಕನ್ನಡ?" ಎಂದು ಮೂಗು ಮುರಿಯಬೇಡಿ. ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಸ್ಕಾಟ್ಲೆಂಡ್ ಎಂದರೆ ಇಂಗ್ಲಿಷರ ನಾಡು ಎಂದೇ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಅದು ತಪ್ಪು. ಅಲ್ಲಿನ ಬೆಟ್ಟ-ದ್ವೀಪಗಳ ಜನರಿಗೆ ಅವರದೇ ಆದ ಗೇಲಿಕ್ ಎಂಬ ನುಡಿಯಿದೆ. ಆ ನುಡಿಗೆ ಆದ ಗತಿ ಕೇಳಿ. 1872ರಲ್ಲಿ ಬಂದ ಶಿಕ್ಷಣ ಕಾಯ್ದೆ ಗೇಲಿಕ್ಕಿಗೆ ಶಾಲೆಯಲ್ಲಿ ಯಾವ ಸ್ಥಾನವನ್ನೂ ಕೊಡಲಿಲ್ಲ. ಶಾಲೆಯಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು, ಕೊರಳಿಗೆ ಕೋಲು ಕಟ್ಟಿ ಅವಮಾನ ಮಾಡುತ್ತಿದ್ದರು. ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನಲ್ಲಿ ದಂಡ ಕಟ್ಟಿದವರು ನಿಮ್ಮಲ್ಲೂ ಇರಬಹುದು. ಅವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

1891ರ ಜನಗಣತಿಯಲ್ಲಿ ಸುಮಾರು 2 ಲಕ್ಷ 54 ಸಾವಿರ ಜನ ಗೇಲಿಕ್ ಆಡುತ್ತಿದ್ದರು. ನೂರು ವರ್ಷ ಕಳೆದು 1991ಕ್ಕೆ ಬಂದಾಗ ಉಳಿದವರು ಸುಮಾರು 66 ಸಾವಿರ. ನಮ್ಮ ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದ ಮತದಾರರಷ್ಟೂ ಇಲ್ಲ! ಯಾರೂ ಆ ಜನರನ್ನು ಕೊಲ್ಲಲಿಲ್ಲ. "ಇದು ಅನ್ನ ಕೊಡುವ ಭಾಷೆಯಲ್ಲ" ಎಂದು ಅಪ್ಪ-ಅಮ್ಮನಿಗೆ ನಂಬಿಸಿದರು, ಅಷ್ಟೇ ಸಾಕಾಯಿತು.

ಕೀಳರಿಮೆಗೆ ಗಿಟಾರ್ ಉತ್ತರ

ಇಂಥ ಹೊತ್ತಿನಲ್ಲಿ, 1973ರಲ್ಲಿ, ಸ್ಕೈ ಎಂಬ ದ್ವೀಪದ ಹುಡುಗರು ಈ ತಂಡ ಕಟ್ಟಿದರು. ರೋರಿ ಮತ್ತು ಕ್ಯಾಲಮ್ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು, ಜೊತೆಗೆ ಅಕಾರ್ಡಿಯನ್ ನುಡಿಸುವ ಬ್ಲೇರ್ ಡಗ್ಲಸ್. ಮರುವರ್ಷ ಡಾನಿ ಮನ್ರೋ ಎಂಬ ಗಾಯಕ ಬಂದು ಸೇರಿದ. ಮೊದಮೊದಲು ಕುಣಿತದ ಕೂಟಗಳಲ್ಲಿ ನುಡಿಸುವ ತಂಡ ಅದು. ರನ್‌ರಿಗ್ ಎಂದರೆ ಆ ಸೀಮೆಯ ಹಳೆಯ ಸಾಗುವಳಿ ಪದ್ಧತಿಯ ಹೆಸರು. ಊರಿನ ಹೊಲವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಸರದಿಯ ಮೇಲೆ ಉಳುವ ಪದ್ಧತಿ. ಮುಂದೆ ಜಮೀನ್ದಾರರು ಕುರಿ ಸಾಕಣೆಗಾಗಿ ರೈತರನ್ನು ಒಕ್ಕಲೆಬ್ಬಿಸಿದರು. ಜನ ಹಡಗು ಹತ್ತಿ ಅಮೆರಿಕ, ಕೆನಡಾಗಳಿಗೆ ಹೋದರು. ನೆಲ ಹೋಯಿತು, ನೆಲದ ಹಿಂದೆಯೇ ನುಡಿಯೂ ಹೋಯಿತು. ಆ ಹುಡುಗರು ಈ ಎರಡನ್ನೂ ಒಂದೇ ಹೆಸರಿನಲ್ಲಿ ಹಿಡಿದರು.

1978ರಲ್ಲಿ ಅವರ ಮೊದಲ ಆಲ್ಬಮ್ ಬಂತು: 'ಪ್ಲೇ ಗೇಲಿಕ್'. ಎಲ್ಲ ಹಾಡೂ ಗೇಲಿಕ್! ಅಲ್ಲಿಯವರೆಗೆ ಗೇಲಿಕ್ ಎಂದರೆ ಅಜ್ಜಿಯ ಜೋಗುಳ, ಚರ್ಚಿನ ಕೀರ್ತನೆ, ವರ್ಷಕ್ಕೊಮ್ಮೆ ನಡೆಯುವ ಸಾಂಪ್ರದಾಯಿಕ ಸ್ಪರ್ಧೆ. ಡ್ರಮ್ಮು, ಗಿಟಾರು, ವೇದಿಕೆಯ ಬೆಳಕು ಎಲ್ಲ ಇಂಗ್ಲಿಷಿಗೇ ಮೀಸಲು ಎಂದು ಹುಡುಗರು ನಂಬಿದ್ದರು. ಆ ನಂಬಿಕೆಯನ್ನು ರನ್‌ರಿಗ್ ಒಡೆದುಹಾಕಿತು. ಶಿಶುನಾಳ ಶರೀಫರ ತತ್ವಪದಗಳು ಸಿ. ಅಶ್ವಥ್ ಅವರ ಕಂಠದಲ್ಲಿ ಧ್ವನಿಸುರುಳಿಯಾಗಿ ಬಂದಾಗ ಪೇಟೆಯ ನಮ್ಮ ಹುಡುಗರೂ ಗುನುಗಿದರಲ್ಲವೇ? ಅಂಥದೇ ಕೆಲಸ.

ಎಲೆಯ ತುದಿಯ ಉಪ್ಪಿನಕಾಯಿ

ಈಗ ಕಥೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ತಂಡ ಬೆಳೆಯಿತು. ದೊಡ್ಡ ಕಂಪನಿ ಕ್ರಿಸಲಿಸ್ ಬಂದು ಒಪ್ಪಂದ ಮಾಡಿಕೊಂಡಿತು. 1991ರಲ್ಲಿ ಲಾಕ್ ಲೊಮಂಡ್ ಸರೋವರದ ದಡದ ಕಾರ್ಯಕ್ರಮಕ್ಕೆ ಹತ್ತಾರು ಸಾವಿರ ಜನ ಸೇರಿದರು. ಆದರೆ ಆಲ್ಬಮ್ಮಿನಿಂದ ಆಲ್ಬಮ್ಮಿಗೆ ಇಂಗ್ಲಿಷ್ ಹಾಡು ಹೆಚ್ಚಿದವು, ಗೇಲಿಕ್ ಕಡಿಮೆಯಾಯಿತು. 1995ರಲ್ಲಿ 'ಮಾರಾ' ಬಂತು. ಮಾರಾ ಎಂದರೆ ಗೇಲಿಕ್‌ನಲ್ಲಿ 'ಕಡಲಿನ' ಎಂದರ್ಥ. ದೋಣಿ, ಅಟ್ಲಾಂಟಿಕ್, ನಡುರಾತ್ರಿಯ ಬಂದರು, ಕೊನೆಯ ಹಾಡಿನಲ್ಲಿ ದೀಪಸ್ತಂಭ. ಜನರನ್ನು ಹೊತ್ತೊಯ್ದ ಕಡಲನ್ನೇ ವಸ್ತುವಾಗಿ ಇಟ್ಟುಕೊಂಡ ಆಲ್ಬಮ್ ಅದು. ಹೆಸರು ಗೇಲಿಕ್. ಆದರೆ ಹತ್ತು ಹಾಡುಗಳಲ್ಲಿ ಗೇಲಿಕ್ ಹಾಡುಗಳು ಎರಡೇ ಎರಡು!

ಮಿತ್ರರೇ, ನಾನು ಆ ಕಲಾವಿದರನ್ನು ನಾಡದ್ರೋಹಿಗಳೆಂದು ಬೈಯುವುದಿಲ್ಲ. ಇಂಗ್ಲಿಷ್ ಹಾಡು ಕೇಳಲು ಬಂದವನ ಕಿವಿಗೆ ಗೇಲಿಕ್ಕೂ ಬಿತ್ತು. ಅದರ ಪುಣ್ಯ ಅವರಿಗೇ ಸಲ್ಲಲಿ. ಆದರೆ ಅಳತೆಯನ್ನು ಮಾರುಕಟ್ಟೆಯ ಕೈಗೆ ಕೊಟ್ಟರೆ ಏನಾಗುತ್ತದೆ ನೋಡಿ. ಎಲೆಯಲ್ಲಿ ಅನ್ನವಾಗಿದ್ದ ಭಾಷೆ ಎಲೆಯ ತುದಿಯ ಉಪ್ಪಿನಕಾಯಿಯಾಗುತ್ತದೆ. ಕಾಲೇಜು ಉತ್ಸವದಲ್ಲಿ ಇಪ್ಪತ್ತು ಹಾಡಿಗೆ ಒಂದು ಕನ್ನಡ ಹಾಡು ಹಾಕಿ "ಕನ್ನಡಕ್ಕೂ ಜಾಗ ಕೊಟ್ಟಿದ್ದೇವಲ್ಲ" ಎನ್ನುವವರಿಗೆ ನೀವು ಚಪ್ಪಾಳೆ ತಟ್ಟಿಲ್ಲವೇ?

ಇನ್ನೊಂದು ವಿಚಿತ್ರ ಕೇಳಿ. ಅದೇ 1995ರಲ್ಲಿ ಒಂದು ಬಿಯರ್ ಕಂಪನಿ ರನ್‌ರಿಗ್‌ನ ಹಳೆಯ ಗೇಲಿಕ್ ಹಾಡೊಂದನ್ನು ಜಾಹೀರಾತಿಗೆ ಬಳಸಿಕೊಂಡಿತು. ಆ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 18ನೇ ಸ್ಥಾನಕ್ಕೇರಿತು. ಮೊದಲ 20ರೊಳಗೆ ಬಂದ ಮೊದಲ ಗೇಲಿಕ್ ಹಾಡು ಅದು. ಹಾಗಿದ್ದ ಮೇಲೆ "ನಮ್ಮ ಭಾಷೆ ಓಡುವುದಿಲ್ಲ" ಎನ್ನುವುದು ಅರ್ಧ ಸುಳ್ಳು. ಓಡಿಸಲು ಮನಸ್ಸಿದ್ದರೆ ಓಡುತ್ತದೆ.

ಗಾಯಕ ಎದ್ದು ಹೊರಟ

'ಮಾರಾ'ವೇ ಡಾನಿ ಮನ್ರೋ ತಂಡದೊಂದಿಗೆ ಮಾಡಿದ ಕೊನೆಯ ಆಲ್ಬಮ್. 1997ರಲ್ಲಿ ಲೇಬರ್ ಪಕ್ಷದಿಂದ ಬ್ರಿಟಿಷ್ ಸಂಸತ್ತಿಗೆ ನಿಂತ. ಲಿಬರಲ್ ಡೆಮಾಕ್ರಟ್ ಪಕ್ಷದ ಚಾರ್ಲ್ಸ್ ಕೆನಡಿ ಎದುರು ಸೋತ. ಅದೇ ವರ್ಷ ಸ್ಟರ್ಲಿಂಗ್ ಕೋಟೆಯಲ್ಲಿ ಹಾಡಿ ತಂಡಕ್ಕೆ ವಿದಾಯ ಹೇಳಿದ. ಆಮೇಲೆ ಒಬ್ಬನೇ ಹಾಡತೊಡಗಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕೇಳಿದ ದನಿ! ಅಭಿಮಾನಿಗಳ ಪಾಲಿಗೆ ರನ್‌ರಿಗ್ ಎಂದರೆ ಆ ದನಿಯೇ ಆಗಿತ್ತು.

ತಂಡ ಮುಗಿಯಿತೇ? ಇಲ್ಲ. ಹಾಡು ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ ಸೋದರರು ಇದ್ದರು. ಕೆನಡಾದ ನೋವಾ ಸ್ಕೋಷಿಯಾದಿಂದ ಬ್ರೂಸ್ ಗತ್ರೋ ಎಂಬ ಗಾಯಕನನ್ನು ಕರೆತಂದರು. ಹಿಂದೆ ಒಕ್ಕಲೆಬ್ಬಿಸಿದ ಗೇಲಿಕ್ ಜನ ಹಡಗಿಳಿದ ಸೀಮೆಗಳಲ್ಲಿ ಅದೂ ಒಂದು. ಗೇಲಿಕ್ ಹಾಡುಗಳೂ ನಿಲ್ಲಲಿಲ್ಲ. 2018ರ ಆಗಸ್ಟಿನಲ್ಲಿ ಅದೇ ಸ್ಟರ್ಲಿಂಗ್‌ನಲ್ಲಿ ಕೊನೆಯ ಬಾರಿಗೆ ಹಾಡಿ ತಂಡ ತಾನಾಗಿಯೇ ತೆರೆ ಎಳೆಯಿತು.

ಮನ್ರೋ ಹಾಡುವುದರ ಜೊತೆಗೆ ಇನ್ನೊಂದು ಕೆಲಸಕ್ಕೂ ಕೈಹಾಕಿದ. ಸ್ಕೈ ದ್ವೀಪದ ಗೇಲಿಕ್ ಕಾಲೇಜಿನ ಬೆಳವಣಿಗೆಗಾಗಿ ವರ್ಷಗಟ್ಟಲೆ ದುಡಿದ. ಆ ಕಾಲೇಜು ಹುಟ್ಟಿದ್ದೂ 1973ರಲ್ಲಿ, ತಂಡ ಹುಟ್ಟಿದ ವರ್ಷವೇ. ಅದೂ ಎಲ್ಲಿ? ಹಳೆಯ ತೋಟದಮನೆಯ ಕೊಟ್ಟಿಗೆ ಕಟ್ಟಡದಲ್ಲಿ! ಇವತ್ತು ಅಲ್ಲಿ ಗೇಲಿಕ್ ಮಾಧ್ಯಮದಲ್ಲೇ ಪದವಿ ಓದಬಹುದು. ಹಾಡು ಹುಡುಗನ ನಾಚಿಕೆ ಬಿಡಿಸುತ್ತದೆ. ನಾಚಿಕೆ ಬಿಟ್ಟ ಹುಡುಗನಿಗೆ ಕಲಿಯಲು ಶಾಲೆ ಬೇಕು, ಕಲಿತವನಿಗೆ ಕೆಲಸ ಬೇಕು. ಅದನ್ನು ಯಾವ ಗಾಯಕನೂ ಒಬ್ಬನೇ ಕೊಡಲಾರ.

1985ರಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ಶಿಕ್ಷಣ ಆರಂಭವಾಯಿತು. 2005ರಲ್ಲಿ ಗೇಲಿಕ್ ಭಾಷಾ ಕಾಯ್ದೆ, 2008ರಲ್ಲಿ ಗೇಲಿಕ್ ಟಿ.ವಿ. ವಾಹಿನಿ ಬಂದವು. 2022ರ ಜನಗಣತಿಯಲ್ಲಿ ಗೇಲಿಕ್ ಆಡುವವರು 69 ಸಾವಿರ ದಾಟಿದರು. ಇಳಿಯುತ್ತಲೇ ಇದ್ದ ಸಂಖ್ಯೆ ಮೇಲೆದ್ದಿತು! ಆದರೆ ಹಿಗ್ಗಬೇಡಿ. ಗೇಲಿಕ್ಕಿನ ಭದ್ರಕೋಟೆಯಾದ ಪಶ್ಚಿಮ ದ್ವೀಪಗಳಲ್ಲಿ ಅದನ್ನು ಆಡುವವರು ಅದೇ ಗಣತಿಯಲ್ಲಿ ಅರ್ಧಕ್ಕಿಂತ ಕೆಳಗಿಳಿದರು. ಶಾಲೆಯಲ್ಲಿ ಚಿಗುರುತ್ತಿದೆ, ಮನೆಯ ಒಲೆಯ ಮುಂದೆ ಬಾಡುತ್ತಿದೆ.

ಈಗ ನಮ್ಮ ಮಾತು

1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜಕುಮಾರ್ ಊರೂರು ಸುತ್ತಿದರು. ಒಂದು ದನಿ ನಾಡನ್ನೇ ಎಬ್ಬಿಸಿತು. 2006ರಲ್ಲಿ ಆ ದನಿ ನಿಂತಾಗ ಅತ್ತೆವು. ಅಭಿಮಾನ ದೊಡ್ಡದು. ಆದರೆ ಅಭಿಮಾನಿಯಾಗಿಯೇ ಉಳಿದುಬಿಟ್ಟರೆ, ಗಾಯಕ ಎದ್ದುಹೋದ ದಿನ ಸಭೆಯೂ ಎದ್ದುಹೋಗುತ್ತದೆ. 2011ರ ಗಣತಿಯಂತೆ ಕನ್ನಡ ಮಾತೃಭಾಷೆಯಾಗಿರುವವರು 4 ಕೋಟಿ 37 ಲಕ್ಷ. ಈ ಸಂಖ್ಯೆ ನೋಡಿ ಮಲಗಬೇಡಿ. ಗೇಲಿಕ್ಕೂ ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಬಹುಭಾಗದ ಮಾತಾಗಿತ್ತು.

ನಾನು ನಿಮ್ಮಿಂದ ರಕ್ತ ಕೇಳುತ್ತಿಲ್ಲ, ಮೂರು ಕೆಲಸ ಕೇಳುತ್ತೇನೆ. ಒಂದು, ಕನ್ನಡದಲ್ಲಿ ಹೊಸದಾಗಿ ಹಾಡುವ ತಂಡಗಳಿಗೆ ಟಿಕೆಟು ಕೊಂಡು ಹೋಗಿ. ಬಿಟ್ಟಿ ಪಾಸಿನ ಅಭಿಮಾನದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಎರಡು, ನಿಮ್ಮ ಕಚೇರಿಯಲ್ಲಿ, ಪಕ್ಕದ ಮನೆಯಲ್ಲಿ ಇರುವ ಹೊರನಾಡಿನವರಿಗೆ ದಿನಕ್ಕೆ ನಾಲ್ಕು ಮಾತು ಕನ್ನಡ ಕಲಿಸಿ. ಬೈದರೆ ದೂರ ಹೋಗುತ್ತಾರೆ, ಕಲಿಸಿದರೆ ನಮ್ಮವರಾಗುತ್ತಾರೆ. ಮೂರು, ನಾಳೆ ನಿಮಗೊಂದು ಮಗುವಾದಾಗ ಅದರ ಜೊತೆ ಕನ್ನಡದಲ್ಲಿ ಮಾತಾಡಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಯಾವ ಕೋರ್ಟೂ ಅಡ್ಡ ಬರುವುದಿಲ್ಲ.

ಮೊದಲ ಎರಡನ್ನು ಮಾಡಿ ಮೂರನೆಯದನ್ನು ಬಿಟ್ಟರೆ, ನಮ್ಮ ಮೊಮ್ಮಕ್ಕಳ ಕಾಲಕ್ಕೆ ಕನ್ನಡವೂ ಹತ್ತರಲ್ಲಿ ಎರಡು ಹಾಡಾಗುತ್ತದೆ. ಹಾಗಾಗಲು ಬಿಡುವುದಿಲ್ಲ ಎಂದು ಇವತ್ತೇ ತೀರ್ಮಾನಿಸಿ.

ಸಿರಿಗನ್ನಡಂ ಗೆಲ್ಗೆ!