ಮುಗಿಯದ ಮ್ಯಾಚ್ ಮತ್ತು ಮಗ್‌ರಿಬ್‌ನ ಬಾಂಗ್

(ಜುಮುಅ ಖುತ್ಬಾದ ಸಂಗ್ರಹ)



ಮಕ್ಕಳ ಮೊಬೈಲ್ ಆಟಗಳ ಕುರಿತು ಈ ವಾರ ಮಾತಾಡುತ್ತೇವೆಂದು ಹೇಳಿದಾಗ ಕೆಲವು ತಂದೆಯಂದಿರು ಬಂದು, "ಉಸ್ತಾದರೇ, ಮಿಂಬರ್‌ನಿಂದ ಒಮ್ಮೆ ಹರಾಮ್ ಎಂದು ಹೇಳಿಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎಂದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಾಹನು ಹರಾಮ್ ಮಾಡದ್ದನ್ನು ನಮ್ಮ ಅನುಕೂಲಕ್ಕಾಗಿ ಹರಾಮ್ ಎನ್ನಲು ಮಿಂಬರ್ ಮೇಲೆ ನಿಂತವರಿಗೆ ಅಧಿಕಾರವಿಲ್ಲ. ಹೇಳಿದರೂ ಆಗುವುದು ಇಷ್ಟೇ, ಚಾವಡಿಯಲ್ಲಿ ಕುಳಿತು ಆಡುತ್ತಿದ್ದ ಹುಡುಗ ನಾಳೆ ಹೊದಿಕೆಯೊಳಗೆ ಆಡುತ್ತಾನೆ.

ಸರಕಾರದ ನಿಷೇಧವನ್ನೂ ನಾವು ಕಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾಯಿತು. ಹುಡುಗರು ಫ್ರೀ ಫೈರ್‌ನತ್ತ ಹೋದರು. ಮರು ವರ್ಷ ಅದೇ ಪಬ್‌ಜಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದಾಗ ಅದರದೇ ಇನ್ನೊಂದು ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಉಳಿದಿತ್ತು. ಆಟದ ಹೆಸರು ಬದಲಾಗುತ್ತಾ ಹೋಯಿತು, ಮನೆಯಲ್ಲಿ ಹುಡುಗ ಕುಳಿತ ಜಾಗ ಬದಲಾಗಲಿಲ್ಲ.

ನಮ್ಮ ದೀನ್ ಆಟವನ್ನು ಶತ್ರುವಾಗಿ ಕಂಡಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಹಝ್ರತ್ ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು. ಅವುಗಳ ನಡುವೆ ಒಂದು ರೆಕ್ಕೆಯ ಕುದುರೆ ಕಂಡು ಪ್ರವಾದಿವರ್ಯರು(ಸ) ವಿಚಾರಿಸಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆ ಇದ್ದದ್ದನ್ನು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ಮನಸಾರೆ ನಕ್ಕರು. ಈದ್ ದಿನ ಮಸೀದಿಯಲ್ಲೇ ಅಬಿಸೀನಿಯದವರು ಭರ್ಚಿಗಳೊಂದಿಗೆ ಆಡಿದಾಗ, ಆಯಿಶಾ(ರ)ರಿಗೆ ಸಾಕೆನಿಸುವವರೆಗೂ ಅವರನ್ನು ಮರೆಯಾಗಿಸಿಕೊಂಡು ನಿಂತು ತೋರಿಸಿದರು. ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದ ಸಂದರ್ಭ ನಿಮಗೆಲ್ಲ ಗೊತ್ತು. ಮಗುವಿನ ಆಸೆ ತೀರುವ ಮೊದಲು ಅವಸರಪಡಿಸಲು ಇಷ್ಟವಾಗದೆ ಸುಜೂದ್ ದೀರ್ಘಗೊಳಿಸಿದರು. ಹಿಂದೆ ನಿಂತಿದ್ದ ಸಹಾಬಿಗಳು ಏನೋ ಆಗಿದೆ ಎಂದೇ ಭಾವಿಸಿದ್ದರು! ಇಮಾಮ್ ಗಝ್ಝಾಲಿ(ರ) ತಮ್ಮ ಇಹ್ಯಾದಲ್ಲಿ, ಓದು ಮುಗಿಸಿ ಬಂದ ಮಗುವಿಗೆ ಒಳ್ಳೆಯ ಆಟಕ್ಕೆ ಅವಕಾಶ ಕೊಡಬೇಕು, ಆಟ ತಡೆದು ಸದಾ ಓದಿಗೇ ಕೂರಿಸಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಈ ಮಾತು ಟ್ಯೂಷನ್ ಮೇಲೆ ಟ್ಯೂಷನ್ ಹಾಕುವ ಇಂದಿನ ಪೋಷಕರಿಗೆ ಇನ್ನೂ ಹೆಚ್ಚು ಹೊಂದುತ್ತದೆ.

ಮೊಬೈಲ್ ಆಟ ಸಮಯ ತಿನ್ನುತ್ತದೆ, ಕಣ್ಣು ಹಾಳು ಮಾಡುತ್ತದೆ ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ. ಅದು ಮಗುವಿಗೆ ತರ್ಬಿಯತ್ ಕೊಡುತ್ತಿದೆ ಎಂಬುದನ್ನು ಗಮನಿಸುವವರು ಕಡಿಮೆ. ಹದಿನಾಲ್ಕರ ಒಬ್ಬ ಹುಡುಗನನ್ನು ಯೋಚಿಸಿ. ತರಗತಿಯಲ್ಲಿ ಅವನದು ಕೊನೆಯ ಬೆಂಚು. ಮನೆಗೆ ಬಂದರೆ, ನಿನ್ನಿಂದ ಏನಾಗುತ್ತದೆ, ಚಿಕ್ಕಪ್ಪನ ಮಗನನ್ನು ನೋಡು ಎಂಬ ಮಾತು. ನಿಜ ಹೇಳಬೇಕೆಂದರೆ ಮದ್ರಸದಲ್ಲೂ ಅವನ ಹೆಸರು ಕೇಳಿಬರುವುದು ಪಾಠ ಒಪ್ಪಿಸದಿದ್ದಾಗ ಮಾತ್ರ. ಅದೇ ಹುಡುಗ ಆಟದೊಳಗೆ ತಂಡದ ನಾಯಕ. ಎಲ್ಲಿ ಇಳಿಯಬೇಕು, ಯಾರು ಮುಂದೆ, ಯಾರು ಹಿಂದೆ ಎಂದು ಅವನು ಹೇಳುತ್ತಾನೆ, ಮೂವರು ಕೇಳುತ್ತಾರೆ. ಸೋತರೆ ಬೈಯುವವರಿಲ್ಲ, ಮತ್ತೆ ಶುರು ಮಾಡಬಹುದು. ಅವನು ನಿನ್ನೆಗಿಂತ ಎಷ್ಟು ಮುಂದೆ ಬಂದಿದ್ದಾನೆ ಎಂದು ಅಂಕಿಯಲ್ಲಿ ತೋರಿಸುವ ಒಂದೇ ಜಾಗ ಅದು. ಬೇಗ ನಿರ್ಧಾರ ತೆಗೆದುಕೊಳ್ಳುವುದು, ಜೊತೆಗಾರನಿಗಾಗಿ ಕಾಯುವುದು, ಬಿದ್ದವನನ್ನು ಎಬ್ಬಿಸುವುದು, ಇವನ್ನೂ ಅವನು ಅಲ್ಲಿ ಕಲಿಯುತ್ತಾನೆ. ಅದನ್ನು ಅಲ್ಲಗಳೆದು ಮಾತಾಡಿದರೆ ಹುಡುಗರು ನಮ್ಮ ಮಾತು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆದರೆ ಅದೇ ಉಸ್ತಾದ್ ಬೇರೆ ಪಾಠಗಳನ್ನೂ ಕಲಿಸುತ್ತಾನೆ. ಆಟದಲ್ಲಿ ಪ್ರತಿ ಕೆಲವು ನಿಮಿಷಕ್ಕೊಂದು ಬಹುಮಾನ, ಬೆಳಕು, ಸದ್ದು. ಒಂದು ಜುಝ್ ಬಾಯಿಪಾಠ ಮಾಡಲು ತಿಂಗಳುಗಳು ಬೇಕು, ನಡುವೆ ಏನೂ ಮಿನುಗುವುದಿಲ್ಲ. ಗಣಿತ, ವೆಲ್ಡಿಂಗ್, ಹೊಲಿಗೆ, ಯಾವುದನ್ನು ಕಲಿತರೂ ಹಾಗೆಯೇ, ಮೊದಲ ಆರು ತಿಂಗಳು ಕೈಗೆ ಏನೂ ಹತ್ತುವುದಿಲ್ಲ. ಬೇಗಬೇಗ ಬಹುಮಾನ ಉಂಡು ಬೆಳೆದ ಮನಸ್ಸಿಗೆ ಆ ಆರು ತಿಂಗಳು ಬೇಸರವಾಗಿ ಕಾಣುತ್ತವೆ. ಸಬ್ರ್ ಎಂಬುದನ್ನು ಯಾರೂ ಒಂದೇ ದಿನದಲ್ಲಿ ಕಲಿಯಲಾರರು, ಚಿಕ್ಕಂದಿನಿಂದ ಅಭ್ಯಾಸವಾಗಬೇಕಾದ ಗುಣ ಅದು. ಇನ್ನು ಮೈಕ್ ಹಾಕಿಕೊಂಡು ಆಡುವಾಗ ಗುರುತಿಲ್ಲದವರ ಬಾಯಿಯಿಂದ ಕೇಳುವ ಬೈಗುಳಗಳು, ಕ್ರಮೇಣ ನಮ್ಮ ಮಕ್ಕಳ ಬಾಯಿಯಿಂದಲೇ ಬರುವ ಬೈಗುಳಗಳು! ಮಗ ಇಯರ್‌ಫೋನ್ ತೆಗೆದು ಒಮ್ಮೆ ಸ್ಪೀಕರ್‌ನಲ್ಲಿ ಆಡಲಿ, ಹೆತ್ತವರು ಪಕ್ಕದಲ್ಲಿ ಕುಳಿತು ಕೇಳಲಿ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಹಳೆಯ ಮಾರಿಯೋ ಆಟದಲ್ಲಿ ನಿಲ್ಲಿಸುವ ಗುಂಡಿ ಇತ್ತು. ಉಮ್ಮ ಕರೆದರೆ ಅದನ್ನು ಒತ್ತಿ ಎದ್ದು ಬರಬಹುದಿತ್ತು. ಆನ್‌ಲೈನ್ ಮ್ಯಾಚ್‌ಗೆ ಆ ಗುಂಡಿಯೇ ಇಲ್ಲ. ಬಿಜಿಎಂಐಯಲ್ಲಿ ನೂರು ಮಂದಿ ಇಳಿಯುತ್ತಾರೆ, ಆಡುವ ವಲಯ ಕಿರಿದಾಗುತ್ತಾ ಬರುತ್ತದೆ, ಕೊನೆಯವರೆಗೆ ಉಳಿದವನಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಇನ್ನು ಹತ್ತು ನಿಮಿಷ ಇರುವಾಗ ಮಗ್‌ರಿಬ್‌ನ ಬಾಂಗ್ ಕೇಳಿತು ಎಂದಿಟ್ಟುಕೊಳ್ಳಿ. ಎದ್ದರೆ ಜೊತೆಗಾರರು ಒಬ್ಬ ಕಡಿಮೆಯಾಗಿ ಸೋಲುತ್ತಾರೆ, ಅವರಲ್ಲೊಬ್ಬ ಮಾವನ ಮಗನೂ ಇರಬಹುದು. ನಾಳೆ ಅವನನ್ನು ತಂಡಕ್ಕೆ ಸೇರಿಸುವುದಿಲ್ಲ. "ಬಂದೆ ಉಮ್ಮಾ" ಎನ್ನುತ್ತಾನೆ, ಬರುವುದಿಲ್ಲ. ಇದನ್ನು ನಾವು ಸೋಮಾರಿತನ ಎಂದು ಬೈಯುತ್ತೇವೆ. ಅವನಿಗೆ ಅದು ಗೆಳೆಯರಿಗೆ ಕೊಟ್ಟ ಮಾತು. ಗೆಳೆತನದ ನಿಷ್ಠೆ ಒಂದು ಕಡೆ, ನಮಾಝ್ ಇನ್ನೊಂದು ಕಡೆ ಎಂದು ಆ ವಯಸ್ಸಿನಲ್ಲಿ ದಿನಕ್ಕೆ ಎರಡು ಸಲ ಆರಿಸುತ್ತಾ ಬೆಳೆದವನು ಯಾವುದನ್ನು ಬಿಡುವುದು ಸುಲಭ ಎಂದು ಕಲಿಯುತ್ತಾನೆ? ನಾಳೆ ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ, ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುವಾಗ ಅವನ ಕೈ ಅದೇ ಅಭ್ಯಾಸವನ್ನು ಮಾಡುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ನಿಯಮವನ್ನು ಮಗನೊಂದಿಗೆ ಕುಳಿತು ಮಾಡಿಕೊಳ್ಳಿ: ಬಾಂಗ್‌ಗೆ ನಲ್ವತ್ತು ನಿಮಿಷ ಇರುವಾಗ ಹೊಸ ಮ್ಯಾಚ್ ಶುರು ಮಾಡಬಾರದು. ನಡುವೆ ಫೋನ್ ಕಿತ್ತುಕೊಳ್ಳುವುದಕ್ಕಿಂತ ಇದು ಒಳ್ಳೆಯದು. ಸಮಯ ಲೆಕ್ಕ ಹಾಕುವ ಹೊಣೆ ಅವನದೇ ಆಗುತ್ತದೆ, ಗೆಳೆಯರಿಗೆ ಮೊದಲೇ ಹೇಳಿಡುವ ಧೈರ್ಯವೂ ಬರುತ್ತದೆ.

ಹಣದ ವಿಷಯದಲ್ಲಿ ಮಾತ್ರ ನಾವು ಸ್ಪಷ್ಟವಾಗಿ ಹೇಳುತ್ತೇವೆ. ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಸೂರಃ ಅಲ್‌ಮಾಇದಃದಲ್ಲಿ ಮೈಸಿರ್, ಅಂದರೆ ಜೂಜು, ಮದ್ಯದ ಜೊತೆಗೇ ನಿಷೇಧವಾಗಿದೆ. ಇನ್ನೊಂದು ವಿಧವಿದೆ. ಹಣ ಕೊಟ್ಟು ಪೆಟ್ಟಿಗೆ ತೆರೆಯುವುದು ಅಥವಾ ಚಕ್ರ ತಿರುಗಿಸುವುದು, ಒಳಗೆ ಏನಿದೆ ಎಂದು ಗೊತ್ತಿಲ್ಲ, ಬಂದೂಕಿನ ಬಣ್ಣವೋ ಅಂಗಿಯೋ ಬರಬಹುದು, ಬಾರದೆಯೂ ಇರಬಹುದು. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಪರಿಗಣಿಸಿತು. ಹಣ ಅದೃಷ್ಟಕ್ಕೆ ಕಟ್ಟಲ್ಪಡುವಲ್ಲಿ ನಾವು ಬೇರೆ ಹೆಸರು ಹುಡುಕುವುದಿಲ್ಲ. ಉಮ್ಮನ ಫೋನ್‌ಪೇಯಿಂದ ನೂರು ರೂಪಾಯಿ ಹೋದಾಗ ಮೊತ್ತ ಚಿಕ್ಕದೆಂದು ಬಿಡಬೇಡಿ.

ಊರಿನ ಅನೇಕ ತಂದೆಯಂದಿರು ಗಲ್ಫ್‌ನಲ್ಲಿದ್ದಾರೆ. ಎರಡು ವರ್ಷ ಕಾಣದ ಮಗನಿಗೆ ಒಳ್ಳೆಯ ಫೋನ್ ತರುವುದು ಅವರ ಪ್ರೀತಿ. ಅದನ್ನು ನಿಭಾಯಿಸುವ ಕೆಲಸ ಮಾತ್ರ ಇಲ್ಲಿ ಒಬ್ಬಂಟಿ ತಾಯಿಯ ಪಾಲಿಗೆ ಬರುತ್ತದೆ. ವಿಡಿಯೋ ಕಾಲ್‌ನಲ್ಲಿ ಮಾರ್ಕ್ಸ್ ಮಾತ್ರ ಕೇಳದೆ ಯಾವ ಆಟ, ಯಾರ ಜೊತೆ, ಎಷ್ಟರವರೆಗೆ ಗೆದ್ದೆ ಎಂದೂ ಕೇಳಿ. ತಂದೆ ದೂರದಲ್ಲಿದ್ದರೂ ತನ್ನ ಆಟದ ಬಗ್ಗೆ ಅವರಿಗೆ ತಿಳಿದಿದೆ ಎಂಬುದೇ ಹುಡುಗನಿಗೆ ಒಂದು ಬೇಲಿ.

ಕೆಲವು ಮಕ್ಕಳ ಸ್ಥಿತಿ ಇದನ್ನು ದಾಟಿರುತ್ತದೆ. ಊಟ, ನಿದ್ದೆ, ಶಾಲೆ ಎಲ್ಲ ಬಿಟ್ಟು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದ ಸ್ಥಿತಿ. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ಪ್ರತ್ಯೇಕ ಕ್ಲಿನಿಕ್ ಇದೆ. ಜಿನ್ನ್ ಹಿಡಿದಿದೆ ಎಂದು ಮಂತ್ರಿಸಿದ ನೀರು ಕೇಳಿಕೊಂಡು ಬರುವವರಿದ್ದಾರೆ. ದುಆ ಮಾಡೋಣ, ಓದಿ ಊದೋಣ, ಆದರೆ ವೈದ್ಯರ ಬಳಿಗೆ ಹೋಗಲು ನಾಚಿಕೆ ಬೇಡ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಗಂಡುಮಕ್ಕಳಿಗೆ ಗದ್ದೆಯೋ ರಸ್ತೆಯೋ ಇದೆ. ಹನ್ನೆರಡು ದಾಟಿದ ಹುಡುಗಿಗೆ ನಾವು ಹೊರಗಿನ ಆಟವನ್ನೆಲ್ಲ ಮುಚ್ಚಿ, ಆಮೇಲೆ ಅವಳ ಕೈಯಲ್ಲಿ ಫೋನ್ ಏಕೆ ಎಂದು ಕೇಳುತ್ತೇವೆ. ಪ್ರವಾದಿವರ್ಯರು(ಸ) ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದಾರೆ, ಒಮ್ಮೆ ಅವರು ಗೆದ್ದರು, ಇನ್ನೊಮ್ಮೆ ಇವರು.

ಜಮಾಅತ್ ಕಮಿಟಿಯೊಂದಿಗೆ ಮಾತಾಡಿ ಒಂದು ತೀರ್ಮಾನವಾಗಿದೆ. ಮದ್ರಸದ ಹಿಂದಿನ ಜಾಗಕ್ಕೆ ಮಧ್ಯಾಹ್ನದ ಬಳಿಕ ಬೀಗ ಹಾಕುವ ಪದ್ಧತಿ ಇತ್ತು. ನಾಳೆಯಿಂದ ಅಸರ್ ಆದ ಕೂಡಲೇ ತೆರೆಯುತ್ತದೆ, ಮಗ್‌ರಿಬ್‌ಗೆ ಹದಿನೈದು ನಿಮಿಷ ಇರುವಾಗ ಮುಚ್ಚುತ್ತದೆ. ವಾಲಿಬಾಲ್ ನೆಟ್ ಬಂದಿದೆ, ಕಂಬ ನಿಲ್ಲಿಸಲು ಭಾನುವಾರ ನಾಲ್ಕು ಜನ ಬೇಕು. ಶನಿವಾರ ಹೆಣ್ಣುಮಕ್ಕಳಿಗೆ ಮಾತ್ರ, ತಾಯಂದಿರು ಜೊತೆಯಲ್ಲಿ ಬರಬಹುದು. ಕೀಲಿಕೈ ಮುಅಝ್ಝಿನ್ ಸಾಹೇಬರ ಬಳಿ ಇರುತ್ತದೆ.