ಎರವಲು ಕಂಠದ ನಾಯಕ

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರವನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಪ್ರತಿ ಸಲವೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಬೇಡರ ದಿಣ್ಣನಾಗಿ ಮಾತನಾಡುವ ದನಿ ರಾಜಕುಮಾರರದು. ಹಾಡುವ ದನಿ ಸಿ. ಎಸ್. ಜಯರಾಮನ್ ಅವರದು.

ಹಿನ್ನೆಲೆ ಗಾಯನ ಆಗಲೇ ರೂಢಿಯಲ್ಲಿತ್ತಲ್ಲ, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಆದರೆ ಈ ನಟ ಬಂದದ್ದು ಎಲ್ಲಿಂದ ಎಂಬುದನ್ನು ನೆನೆಯಬೇಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಗುಬ್ಬಿ ವೀರಣ್ಣನವರ ಕಂಪನಿಯ ನೆರಳಿನಲ್ಲಿ ಬೆಳೆದ ಹುಡುಗ. ಕಂಪನಿ ನಾಟಕದಲ್ಲಿ ಹಾಡು ಬಾರದವನು ನಾಯಕನಾಗುವುದು ದುಸ್ತರ. ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ಕಟ್ಟಕಡೆಯ ಸಾಲಿಗೂ ಮುಟ್ಟುವಂತೆ ಕಂದಪದ್ಯ ಎತ್ತಬೇಕು. ಅಂಥ ಮುತ್ತುರಾಜನಿಗೆ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ರಾಜಕುಮಾರನೆಂದು ಹೊಸ ಹೆಸರಿಟ್ಟರು. ಹೆಸರಿನೊಡನೆ ಹಾಡುವ ಕಂಠವೂ ಬದಲಾಯಿತು!

ಎರಡು ವರ್ಷ ಮೊದಲು, 1952ರ ತಮಿಳು ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಎಂಬ ಹೊಸ ನಾಯಕನಿಗೂ ಇದೇ ಜಯರಾಮನ್ ಹಾಡಿದ್ದರು. ಅಲ್ಲಿಯೂ ಸಂಗೀತ ಆರ್. ಸುದರ್ಶನಂ ಅವರದೇ; ಪಂಡರೀಬಾಯಿ ಅಲ್ಲಿಯೂ ಇದ್ದರು. ಒಂದೇ ಕಂಠ ಎರಡು ಭಾಷೆಗಳ ಇಬ್ಬರು ನಾಯಕರಿಗೆ ಒದಗಿತು. ಜಯರಾಮನ್ ಅವರ ಗಾಯನ ಘನವಾದದ್ದು, ಸಂದೇಹವಿಲ್ಲ. ಆದರೂ ಆ ಎಳೆಯ ಬೇಡನಿಗೆ ಅದು ತುಸು ಹಿರಿದಾಯಿತೆಂದೇ ನನ್ನ ಭಾವನೆ.

ಹಾಗೆಂದು ನಷ್ಟವೇ ಆಯಿತೆನ್ನಲಾರೆ. ರಂಗದ ಮೇಲೆ ಹಾಡುವವನ ಅರ್ಧ ಶಕ್ತಿ ಉಸಿರನ್ನು ಕಾಯುವುದಕ್ಕೇ ಸಲ್ಲುತ್ತದೆ. ಇಲ್ಲಿ ಆ ಶ್ರಮ ತಪ್ಪಿ, ಕಣ್ಣು, ಹುಬ್ಬು, ಭುಜಗಳಿಗೆ ಬಿಡುವು ದೊರೆಯಿತು. ಹಾಡುಗಾರಿಕೆ ಬಲ್ಲವನಾದ್ದರಿಂದ ಉಸಿರು ಎಲ್ಲಿ ನಿಲ್ಲಬೇಕು, ಕತ್ತಿನ ನರ ಎಲ್ಲಿ ಬಿಗಿಯಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರವಲು ದನಿ ಎರವಲೆಂದು ತೋರದಿರುವುದು ಇದರಿಂದಲೇ.

ಮರುವರ್ಷದ ‘ಮಹಾಕವಿ ಕಾಳಿದಾಸ’ದಲ್ಲಿ ಹೊನ್ನಪ್ಪ ಭಾಗವತರು ತಾವೇ ನಟಿಸಿ, ತಾವೇ ಹಾಡಿದರು. ಆ ಪರಂಪರೆಯ ಕೊನೆಯ ದಿನಗಳವು. ರಾಜಕುಮಾರರಿಗೆ ದಕ್ಕಿದ್ದು 1956ರ ‘ಓಹಿಲೇಶ್ವರ’ದಲ್ಲಿ ಒಂದು ಹಾಡು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಂದು ಯುಗಳಗೀತೆ. 1960ರ ‘ಭಕ್ತ ಕನಕದಾಸ’ದ ವೇಳೆಗೆ ಪಿ. ಬಿ. ಶ್ರೀನಿವಾಸರ ಮೃದುಕಂಠ ಅವರಿಗೆ ಎಷ್ಟು ಒಗ್ಗಿತೆಂದರೆ, ನಾಯಕ ಸ್ವತಃ ಹಾಡಬಲ್ಲನೆಂಬುದನ್ನೇ ಜನ ಮರೆತರು.

ಮರೆವು ಕಳೆದದ್ದು 1974ರಲ್ಲಿ, ಮೊದಲ ನಾಯಕಪಾತ್ರದ ಇಪ್ಪತ್ತು ವರ್ಷಗಳ ಬಳಿಕ. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಬೆನ್ನೇರಿ ಬಂದ ನಾಯಕ, ತನ್ನದೇ ಕಂಠ ಬಿಚ್ಚಿ ಹಾಡಿದ.