ಗಣಕದ ಒಳಗಿನ ನಾಮಫಲಕ
(ಶೃಂಗೇರಿಯಲ್ಲಿ ಯುವಕರ ಮುಂದೆ ಮಾಡಿದ ಭಾಷಣ)



ಅಂಗಡಿಯ ನಾಮಫಲಕದಲ್ಲಿ ಕನ್ನಡ ಇಲ್ಲವೆಂದು ಬೀದಿಗಿಳಿಯುತ್ತೀರಿ. ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಇಲ್ಲವೆಂದು ಮ್ಯಾನೇಜರನ ಮೇಜು ಗುದ್ದುತ್ತೀರಿ. ಭೇಷ್! ಆದರೆ ನಿಮ್ಮ ಗಣಕದ ಒಳಗಿನ ಫಲಕ? ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವ ಕನ್ನಡದ ಹುಡುಗ ಕಟ್ಟಿದ ಫಾರಮ್ಮಿನಲ್ಲೇ ಎಷ್ಟೋ ಸಲ ಒಂದಕ್ಷರ ಕನ್ನಡ ಇರುವುದಿಲ್ಲ. ಇದಕ್ಕೆ ಯಾವ ದೆಹಲಿಯನ್ನು ಬೈಯೋಣ?

ಚಿತ್ರವನ್ನು ಮಸುಕು ಮಾಡುವ ಒಂದು ಪುಟ್ಟ ಪ್ಲಗಿನ್ ತೆಗೆದುಕೊಳ್ಳಿ. ಇಲ್ಲಿನ ವಿದ್ಯಾಶಂಕರ ದೇಗುಲದ ಮುಂದೆ ನಿಂತವರ ಹಿಂದಿನ ಜನಜಂಗುಳಿಯನ್ನು ಮಬ್ಬಾಗಿಸಲು ಸ್ಟುಡಿಯೋದವರಿಗೆ ಅದು ಬೇಕು. ಜೆರಾಕ್ಸ್ ಅಂಗಡಿಯವನಿಗೆ ಇನ್ನೂ ಬೇಕು. 'ಆಧಾರ್ ನಂಬರ್ ಕಾಣದ ಹಾಗೆ ಕಳಿಸು ಮಾರಾಯ' ಎನ್ನುತ್ತಾನೆ ಗಿರಾಕಿ. ತೆರೆದ ಕಿಟಕಿಯಲ್ಲಿ 'ರೇಡಿಯಸ್' ಎಂದಿದೆ. ಇವನು 2 ಎಂದು ಒತ್ತುತ್ತಾನೆ. ಮಸುಕಾದಂತೆ ಕಾಣುತ್ತದೆ. ಗುಟ್ಟು ಉಳಿಯಿತೇ? ಇಲ್ಲ! ಇರುವುದು ಹತ್ತೇ ಅಂಕಿ. ಹತ್ತನ್ನೂ ಅದೇ ಅಕ್ಷರರೂಪದಲ್ಲಿ, ಅದೇ ಅಳತೆಗೆ ಮಸುಕು ಮಾಡಿ ಒಂದೊಂದಾಗಿ ಹೋಲಿಸಿದರೆ ಅಡಗಿದ ಸಂಖ್ಯೆ ಹೊರಬೀಳಬಹುದು. ಸಂಖ್ಯೆ ಮುಚ್ಚಲು ಮಸುಕು ಸಾಲದು, ಕಪ್ಪು ಬಳಿಯಬೇಕು. ಈ ಎಚ್ಚರಿಕೆ ಆ ಕಿಟಕಿಯಲ್ಲೇ, ಕನ್ನಡದಲ್ಲೇ ಇರಬೇಕಿತ್ತು. (ಮೊದಲ 8 ಅಂಕಿ ಮುಚ್ಚಿದ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಕೊಡುತ್ತದೆ. ಅದೂ ಎಷ್ಟು ಜನಕ್ಕೆ ಗೊತ್ತು?)

ಇಂಥ ಫಾರಮ್ ಕಟ್ಟುವುದು ಬ್ರಹ್ಮವಿದ್ಯೆಯಲ್ಲ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಗಿಂಪ್ ತಂತ್ರಾಂಶ ಇದೆ. ಕಾಸು ಕೊಡಬೇಕಿಲ್ಲ, ಒಳಗಿನ ಬರಹವೂ ತೆರೆದೇ ಇದೆ. 2025ರಲ್ಲಿ ಬಂದ ಅದರ 3.0 ಆವೃತ್ತಿಗೆ ಪೈಥಾನಿನಲ್ಲಿ ಪ್ಲಗಿನ್ ಬರೆಯಬಹುದು. ಪ್ರತಿ ಅಳತೆಯ ಹೆಸರು, ಕನಿಷ್ಠ, ಗರಿಷ್ಠ, ಮೊದಲಿಗೆ ಇರಬೇಕಾದ ಬೆಲೆ, ಇಷ್ಟು ಹೇಳಿದರೆ ಕಿಟಕಿಯನ್ನು ಅದೇ ಕಟ್ಟಿಕೊಡುತ್ತದೆ. ಉಳಿಯುವುದು ಹೆಸರಿಡುವ ಕೆಲಸ.

ಅಲ್ಲಿಗೆ ಪಂಡಿತರು ಬರುತ್ತಾರೆ! 'ತ್ರಿಜ್ಯ' ಎನ್ನುತ್ತಾರೆ. ಶಾಲೆಯ ಲೆಕ್ಕದ ಪದ, ತಪ್ಪೇನಲ್ಲ. ಆದರೆ ಸ್ಟುಡಿಯೋ ಹುಡುಗನಿಗೆ ಬೇಕಾದ್ದು 'ಎಷ್ಟು ಮಸುಕು?' ಎಂಬ ಪ್ರಶ್ನೆ. ಪ್ರಿವ್ಯೂಗೆ 'ಮುನ್ನೋಟ', ಕ್ಯಾನ್ಸಲ್‌ಗೆ 'ಬೇಡ', ರೀಸೆಟ್‌ಗೆ 'ಮೊದಲಿನಂತೆ'. ಸೆಟ್ಟಿಂಗ್ಸ್ ಎಂಬ ಪದ ಊರಿನ ಬಾಯಲ್ಲಿ ಆಗಲೇ ಕನ್ನಡವಾಗಿದೆ, ಹಾಗೇ ಬಿಡಿ ಎಂಬುದು ನನ್ನ ಮತ. ಬೈಯುವವರು ಬೈಯಲಿ. ಮಳೆಗಾಲದಲ್ಲಿ ತುಂಗೆಯ ಆಚೆ ದಡ ಮಂಜಿನಲ್ಲಿ ಮುಳುಗುವುದನ್ನು ಕಂಡ ಜನಕ್ಕೆ ಮಸುಕೆಂದರೇನೆಂದು ನಿಘಂಟು ಹೇಳಬೇಕೇ?

ನಿಜವಾದ ಕಾಟ ಬೇರೆ ಕಡೆ ಇದೆ. ಇಂಗ್ಲಿಷಿನವರು 'ಬ್ಲರ್' ಎಂಬ ಕ್ರಿಯಾಪದದ ಮುಂದೆ ಏನು ಸಿಕ್ಕಿದರೂ ಅಂಟಿಸುತ್ತಾರೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದಕ್ಕೆ ವಿಭಕ್ತಿ ಹತ್ತುತ್ತದೆ: 'ಚಿತ್ರವನ್ನು ಮಸುಕು ಮಾಡು', 'ಮುಖವನ್ನು ಮಸುಕು ಮಾಡು'. ತುಂಡು ತುಂಡು ಪದ ಜೋಡಿಸಿದರೆ 'ಮಸುಕು ಚಿತ್ರ' ಎಂಬ ಅಪಭ್ರಂಶ ಹುಟ್ಟುತ್ತದೆ. ಆದ್ದರಿಂದ ಇಡೀ ವಾಕ್ಯವನ್ನೇ ಅನುವಾದಕ್ಕೆ ಕೊಡಬೇಕು. ಇನ್ನು ಗುಂಡಿಯ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದರೆ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಅಂಕಿಯ ಕಥೆ ತಮಾಷೆಯದು. ೫ ಎಂದು ಕೊಟ್ಟರೆ ಪೈಥಾನ್ ಅದನ್ನು ಐದೆಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ!

ಇಲ್ಲಿಂದ ದೂರವಲ್ಲದ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಕುವೆಂಪು ಹುಟ್ಟಿದರು. ಅವರ ಮಗ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ 2007ರಲ್ಲಿ ತೀರಿಕೊಳ್ಳುವವರೆಗೂ ದನಿಯೆತ್ತಿದರು. ಕೆ.ಪಿ. ರಾವ್ ಕೀಲಿಮಣೆ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು. ಅವರೆಲ್ಲ ಕನ್ನಡ ಬರೆಯುವ ದಾರಿ ಮಾಡಿಕೊಟ್ಟರು. ಕಿಟಕಿ, ಗುಂಡಿಗಳ ಕೆಲಸ ನಿಮ್ಮ ಪಾಲಿನದು.

ಅನುವಾದದ ಕಡತದಲ್ಲಿ ಮೇಲಿನ ಸಾಲು ಇಂಗ್ಲಿಷ್, ಕೆಳಗಿನ ಸಾಲು ಖಾಲಿ. ಮಸುಕಿನ ಫಾರಮ್ಮಿಗೆ ಹತ್ತು ಹನ್ನೆರಡು ಸಾಲು ಸಾಕು, ಒಂದು ಸಂಜೆಯ ಕೆಲಸ. ತುಂಬಿದ ಮೇಲೆ ಆ ಜೆರಾಕ್ಸ್ ಅಂಗಡಿಯವನ ಮುಂದಿಡಿ. ವಿವರಿಸಲು ಹೋಗಬೇಡಿ, ಬಾಯಿ ಮುಚ್ಚಿ ನಿಂತು ನೋಡಿ. ಯಾವ ಪದದ ಮುಂದೆ ಅವನ ಕೈ ನಿಲ್ಲುತ್ತದೋ ಆ ಪದವನ್ನು ಬದಲಿಸಿ.